ಸರ್ವರ್ ಉತ್ತರ ಕೊಡದಾಗ, ರೀಸ್ಟಾರ್ಟ್‌ಗೆ ಮೊದಲು

ಕೋಲಾರದ ಟೊಮೆಟೊ ಮಾರುಕಟ್ಟೆಯ ದಿನದ ದರ ತೋರಿಸುವ ಸೈಟೊಂದನ್ನು ನೋಡಿಕೊಳ್ಳುತ್ತೇನೆ. ಕೋರಿಕೆ ಸ್ವೀಕರಿಸುವ ವೆಬ್ ಸರ್ವರ್ ಎಂಜಿನ್-ಎಕ್ಸ್, ಪುಟ ಸಿದ್ಧಪಡಿಸುವ ಪಿಎಚ್‌ಪಿ ಕೋಡನ್ನು ಓಡಿಸುವ ಪಿಎಚ್‌ಪಿ-ಎಫ್‌ಪಿಎಂ, ದರಗಳಿರುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ಮೂರೂ 2 ಜಿಬಿ ರ್‍ಯಾಮಿನ ಒಂದೇ ಲಿನಕ್ಸ್ ಯಂತ್ರದಲ್ಲಿವೆ. ಹರಾಜು ಶುರುವಾದರೆ ಸಾಕು, 15 ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯಿತೆಂದು ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರೆಲ್ಲ ಒಟ್ಟಿಗೆ ಫೋನ್ ತೆಗೆಯುತ್ತಾರೆ. ಸರ್ವರ್ ಕೈಕೊಡುವುದೂ ಆಗಲೇ.

ಕೈ ಮೊದಲು ರೀಸ್ಟಾರ್ಟ್ ಕಡೆಗೇ ಹೋಗುತ್ತದೆ. ಅದನ್ನು ಎರಡು ನಿಮಿಷ ತಡೆಯಬೇಕು. ಯಾವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಸಿಕ್ಕಿಕೊಂಡಿರುವಾಗ ಮಾತ್ರ ಕಾಣುತ್ತದೆ. ರೀಸ್ಟಾರ್ಟ್ ಆದ ಮೇಲೆ ಎಲ್ಲವೂ ಸರಿಯಿದ್ದಂತೆ ಕಂಡು, ನಾಳೆ ಅದೇ ಹೊತ್ತಿಗೆ ಮತ್ತೆ ನಿಲ್ಲುತ್ತದೆ.

ಮೊದಲು ಕಮಾಂಡ್ ಲೈನಿನ ಕರ್ಲ್‌ನಿಂದ ಸೈಟಿಗೆ ಒಂದು ಕೋರಿಕೆ ಕಳಿಸಿ, ಯಾವ ಬಗೆಯ ಸೋಲು ಎಂದು ನೋಡುತ್ತೇನೆ. ‘ಕನೆಕ್ಷನ್ ರೆಫ್ಯೂಸ್ಡ್’ ಅಂದರೆ ಸಾಮಾನ್ಯವಾಗಿ ಎಂಜಿನ್-ಎಕ್ಸ್ ಓಡುತ್ತಿಲ್ಲ. ಉತ್ತರವೇ ಇಲ್ಲದೆ ಕಾಯುತ್ತಿದ್ದರೆ ಫೈರ್‌ವಾಲ್, ನೆಟ್‌ವರ್ಕ್ ಅಥವಾ ಇಡೀ ಯಂತ್ರದ ಮೇಲೆ ಅನುಮಾನ. 502 ಎಂಬ ದೋಷಸಂಖ್ಯೆ ಬಂದರೆ ಎಂಜಿನ್-ಎಕ್ಸ್ ಬದುಕಿದೆ, ಹಿಂದಿನ ಪಿಎಚ್‌ಪಿ ಸತ್ತಿದೆ ಇಲ್ಲವೇ ಅದರ ಸರದಿ ತುಂಬಿದೆ. 504 ಬಂದರೆ ಪಿಎಚ್‌ಪಿಯ ಉತ್ತರಕ್ಕೆ 60 ಸೆಕೆಂಡು ಕಾದು ಕೈಬಿಟ್ಟಿದೆ. ಸೆಟ್ಟಿಂಗ್ ಮುಟ್ಟದಿದ್ದರೆ ಮಿತಿ ಅಷ್ಟೇ.

ಡಿಸ್ಕ್ ನೋಡಲು ‘ಡಿಎಫ್ -ಎಚ್’ ಜೊತೆಗೆ ‘ಡಿಎಫ್ -ಐ’ ಕೂಡ ಹಾಕಿ. ಜಾಗ ಉಳಿದಿದ್ದರೂ ಲಕ್ಷಗಟ್ಟಲೆ ಸಣ್ಣ ಸೆಷನ್ ಫೈಲುಗಳಿಂದ ಐನೋಡ್ (ಪ್ರತಿ ಫೈಲಿಗೂ ಬೇಕಾದ ನೋಂದಣಿ ಸ್ಥಾನ) ಮುಗಿದಿರಬಹುದು. ಮೆಮೊರಿಗೆ ‘ಫ್ರೀ -ಎಂ’; ಅದರಲ್ಲಿ ನೋಡಬೇಕಾದ್ದು ‘ಅವೈಲಬಲ್’ ಕಾಲಂ, ‘ಫ್ರೀ’ ಕಾಲಂ ಅಲ್ಲ. ಲಿನಕ್ಸಿನ ತಿರುಳಾದ ಕರ್ನಲ್‌ನ ಸಂದೇಶ ತೋರಿಸುವ ‘ಡಿಮೆಸೇಜ್’ನಲ್ಲಿ ‘ಔಟ್ ಆಫ್ ಮೆಮೊರಿ’ ಸಾಲಿದ್ದರೆ ಕರ್ನಲ್ಲೇ ಯಾವುದೋ ಪ್ರೋಸೆಸ್ ಕೊಂದಿದೆ. ಸಾಮಾನ್ಯವಾಗಿ ಬಲಿಯಾಗುವುದು ಮೈಎಸ್‌ಕ್ಯೂಎಲ್, ಎಲ್ಲಕ್ಕಿಂತ ಹೆಚ್ಚು ಮೆಮೊರಿ ಹಿಡಿದಿರುವುದು ಅದೇ.

ನಮ್ಮಲ್ಲಿ ಡಿಸ್ಕೂ ಮೆಮೊರಿಯೂ ಸರಿಯಿದ್ದವು. ಸುಳಿವು ಸಿಕ್ಕಿದ್ದು ಎಫ್‌ಪಿಎಂ ಲಾಗಿನಲ್ಲಿ: ‘ಪಿಎಂ ಡಾಟ್ ಮ್ಯಾಕ್ಸ್ ಚಿಲ್ಡ್ರನ್’ (ಒಟ್ಟಿಗೆ ಓಡಬಹುದಾದ ಪಿಎಚ್‌ಪಿ ಪ್ರೋಸೆಸ್‌ಗಳ ಸಂಖ್ಯೆ) ಮಿತಿ 5 ಮುಟ್ಟಿದೆ ಎಂಬ ಎಚ್ಚರಿಕೆ. ಇನ್‌ಸ್ಟಾಲ್ ಮಾಡಿದಾಗ ಬರುವ ಸಂಖ್ಯೆಯೇ ಅದು. ಐದು ಕೋರಿಕೆ ಒಳಗಿದ್ದರೆ ಆರನೆಯದು ಹೊರಗೆ ಕಾಯುತ್ತದೆ. ಪುಟ ಬರಲಿಲ್ಲವೆಂದು ಜನ ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತಾರೆ. ಎಂಜಿನ್-ಎಕ್ಸ್ ಲಾಗಿನಲ್ಲಿ ಸಾಲುಸಾಲು 499 ಬೀಳುತ್ತದೆ, ಅಂದರೆ ನೋಡುವವರೇ ಬಿಟ್ಟುಹೋದರು. ಆದರೆ ಅವರು ಬಿಟ್ಟ ಕೋರಿಕೆಯ ಪಿಎಚ್‌ಪಿ, ಡೇಟಾಬೇಸಿನ ಉತ್ತರಕ್ಕೆ ಕಾಯುತ್ತ ಜಾಗ ಹಿಡಿದೇ ಇರುತ್ತದೆ.

ಇಲ್ಲಿ 5ನ್ನು 50 ಮಾಡುವುದು ದೊಡ್ಡ ತಪ್ಪು. ನಮ್ಮ ಒಂದೊಂದು ಪಿಎಚ್‌ಪಿ ಪ್ರೋಸೆಸ್ ಸುಮಾರು 60 ಎಂಬಿ ತಿನ್ನುತ್ತದೆ. 50 ಆದರೆ 3 ಜಿಬಿ, ಇರುವುದೇ 2. ಮೈಎಸ್‌ಕ್ಯೂಎಲ್‌ಗೆ 500, ಉಳಿದದ್ದಕ್ಕೆ 300 ಬಿಟ್ಟರೆ 1200 ಎಂಬಿ ಸಿಗುತ್ತದೆ. 60ರಿಂದ ಭಾಗಿಸಿದರೆ 20. ಸ್ವಲ್ಪ ಕೈ ಹಿಡಿದು 16 ಇಟ್ಟೆ.

ಅಷ್ಟಾದರೂ ಅದು ಉಸಿರಾಡಲು ಜಾಗ ಕೊಟ್ಟಂತೆ, ಅಷ್ಟೆ. ಪ್ರೋಸೆಸ್‌ಗಳು ಬಿಡುವಾಗದೆ ಇರುವುದೇಕೆ ಎಂಬುದು ನಿಜವಾದ ಪ್ರಶ್ನೆ. ಎಫ್‌ಪಿಎಂನಲ್ಲಿ ಸ್ಲೋಲಾಗ್ (ತಡವಾದ ಕೋರಿಕೆಗಳ ದಾಖಲೆ) ಫೈಲಿನ ದಾರಿ ಕೊಟ್ಟು, ‘ರಿಕ್ವೆಸ್ಟ್ ಸ್ಲೋಲಾಗ್ ಟೈಮ್‌ಔಟ್’ 5 ಸೆಕೆಂಡು ಇಡಿ. ತಡವಾಗುವ ಕೋಡು ಯಾವ ಫೈಲಿನ ಯಾವ ಸಾಲಿನಲ್ಲಿ ನಿಂತಿದೆ ಎಂದು ಅದೇ ಬರೆದಿಡುತ್ತದೆ. ನಮ್ಮಲ್ಲಿ ಪ್ರತಿ ಸಲವೂ ಒಂದೇ ಸಾಲು, ಇಂದಿನ ದರ ತರುವ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ.

ಕ್ವೆರಿ ಹೇಗೆ ಓಡುತ್ತದೆಂದು ತೋರಿಸುವ ‘ಎಕ್ಸ್‌ಪ್ಲೇನ್’ ಅನ್ನು ಅದಕ್ಕೆ ಹಾಕಿದರೆ ಟೈಪ್ ಕಾಲಂನಲ್ಲಿ ‘ಆಲ್’ ಎಂದಿತ್ತು, ಅಂದರೆ ಹಲವು ವರ್ಷಗಳ ದರವನ್ನೆಲ್ಲ ಮೊದಲಿಂದ ಕೊನೆವರೆಗೆ ಓದುತ್ತಿದೆ. ಸಮಯದ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಇತ್ತು, ಆದರೆ ಕ್ವೆರಿಯಲ್ಲಿ ಆ ಕಾಲಂ ‘ಡೇಟ್’ ಫಂಕ್ಷನ್ನಿನ ಒಳಗೆ ಕೂತಿತ್ತು. ಕಾಲಂ ಮೇಲೆ ಹೀಗೆ ಫಂಕ್ಷನ್ ಸುತ್ತಿದರೆ ಮೈಎಸ್‌ಕ್ಯೂಎಲ್ ಆ ಇಂಡೆಕ್ಸಿನಲ್ಲಿ ಹುಡುಕಲಾರದು. ಸಮಯ ಇಂದಿನ 00:00ಕ್ಕೆ ಸಮ ಅಥವಾ ಹೆಚ್ಚು, ನಾಳೆಯ 00:00ಕ್ಕಿಂತ ಕಡಿಮೆ ಎಂದು ಬರೆದದ್ದೇ ತಡ, ಟೈಪ್ ‘ರೇಂಜ್’ ಆಯಿತು, ಅಂದರೆ ಆ ದಿನದ ಸಾಲುಗಳನ್ನಷ್ಟೇ ಓದುತ್ತದೆ. ಸೆಕೆಂಡುಗಟ್ಟಲೆ ತೆಗೆದುಕೊಳ್ಳುತ್ತಿದ್ದ ಕ್ವೆರಿ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯಿತು.

ಕೊನೆಗೆ ಎಂಜಿನ್-ಎಕ್ಸ್‌ನಲ್ಲಿ ಫಾಸ್ಟ್‌ಸಿಜಿಐ ಕ್ಯಾಶ್ (ಪಿಎಚ್‌ಪಿ ಕೊಟ್ಟ ಪುಟದ ಪ್ರತಿ ಇಟ್ಟುಕೊಳ್ಳುವ ವ್ಯವಸ್ಥೆ) 30 ಸೆಕೆಂಡಿಗೆ ಇಟ್ಟು, ‘ಕ್ಯಾಶ್ ಲಾಕ್’ ಆನ್ ಮಾಡಿದೆ. ಸಾವಿರ ಜನ ಒಂದೇ ದರ ಕೇಳಿದಾಗ ಪಿಎಚ್‌ಪಿಗೆ ಹೋಗುವುದು ಒಂದು ಕೋರಿಕೆ, ಉಳಿದವರಿಗೆ ಅದರ ಪ್ರತಿ. ಲಾಗಿನ್ ಆದ ಮೇಲೆ ಕಾಣುವ ಪುಟಗಳನ್ನು ಮಾತ್ರ ಕ್ಯಾಶಿನಿಂದ ಹೊರಗಿಡಲೇಬೇಕು, ಇಲ್ಲದಿದ್ದರೆ ಒಬ್ಬ ಮಂಡಿಯವರ ಪುಟ ಇನ್ನೊಬ್ಬರಿಗೆ ತೆರೆದುಕೊಳ್ಳುತ್ತದೆ. ಬದಲಾಯಿಸಿದ ಮೇಲೆ ‘ಎಂಜಿನ್-ಎಕ್ಸ್ -ಟಿ’ ಹಾಕಿ ಫೈಲಿನಲ್ಲಿ ತಪ್ಪಿಲ್ಲವೆಂದು ನೋಡಿಯೇ ರೀಲೋಡ್ ಮಾಡಿ.