ಸೂರಿನ ಪ್ರಶ್ನೆಯನ್ನು ಸುವರ್ಣಸೌಧದ ಒಳಗೆ ತಲುಪಿಸುವುದು ಹೇಗೆ?

ಬೆಳಗಾವಿಯ ಬಸ್ ನಿಲ್ದಾಣದ ಹತ್ತಿರ, ಬಾಗಿಲು ಹಾಕಿದ ಅಂಗಡಿಯ ಕಟ್ಟೆ ಮೇಲೆ ಒಬ್ಬ ಅಜ್ಜಿ ಗೋಣಿಚೀಲ ಹಾಸಿಕೊಂಡು ಮಲಗಿದ್ದರು. ತಲೆದಿಂಬಾಗಿದ್ದ ಗಂಟಿನಲ್ಲಿ ಒಂದು ಸೀರೆ, ಒಂದು ತಾಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಹಳೆಯ ರೇಷನ್ ಕಾರ್ಡು. ಮನೆಗೆ ಅರ್ಜಿ ಹಾಕಿದ್ದೀರಾ ಎಂದು ಕೇಳಿದೆ. "ಮನಿ ಕೊಡ್ರಿ ಅಂದ್ರ ಅಡ್ರೆಸ್ ಕೇಳ್ತಾರ ಯಪ್ಪಾ. ಅಡ್ರೆಸ್ ಇದ್ದಿದ್ರ ಇಲ್ಲ್ಯಾಕ ಮಲಗ್ತಿದ್ನಿ?" ಅಂದರು.

ಅದು ಡಿಸೆಂಬರ್ ತಿಂಗಳು. ಊರ ಹೊರಗೆ ಹಲಗಾ ಹತ್ತಿರದ ಸುವರ್ಣಸೌಧದಲ್ಲಿ ವಿಧಾನ ಮಂಡಲದ ಅಧಿವೇಶನ ನಡೆದಿತ್ತು. ಅಜ್ಜಿ ಕೇಳಿದ ಮಾತು ಅಲ್ಲಿಗೆ ತಲುಪಬೇಕು, ಅದಕ್ಕೆ ಮಂತ್ರಿಗಳು ಉತ್ತರ ಕೊಡಬೇಕು. ಅದನ್ನು ಮಾಡಿಸುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾವು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ವರ್ಷ ನಾವು ಹತ್ತಾರು ಜನ ಸೇರಿ ನಾಲ್ಕು ಪುಟದ ಮನವಿ ಬರೆದೆವು. ಅದರಲ್ಲಿ 14 ಬೇಡಿಕೆ. ಪ್ರತಿಭಟನೆಯ ಟೆಂಟಿನಲ್ಲಿ ಕೂತೆವು, ಮನವಿ ಕೊಟ್ಟೆವು, ಫೋಟೊ ಆಯಿತು. ಆ ಮನವಿಗೆ ಇವತ್ತಿನವರೆಗೂ ಒಂದು ಸಾಲು ಉತ್ತರ ಬಂದಿಲ್ಲ. ಮನವಿ ತೆಗೆದುಕೊಂಡವರು ಉತ್ತರ ಕೊಡಲೇಬೇಕೆಂಬ ಕಟ್ಟು ಇಲ್ಲ. ಆದರೆ ಅದೇ ವಿಷಯ ಸದನದಲ್ಲಿ ಪ್ರಶ್ನೆಯಾಗಿ ಬಂದರೆ ಇಲಾಖೆ ಅಂಕಿ ಸಮೇತ ಲಿಖಿತ ಉತ್ತರ ಸಿದ್ಧ ಮಾಡಲೇಬೇಕು. ಅದು ದಾಖಲೆಯಾಗಿ ಉಳಿಯುತ್ತದೆ.

ಯಾವ ಪದ ಬಳಸುತ್ತೀರಿ?

ಇದು ಸಣ್ಣ ವಿಷಯ ಅನಿಸಬಹುದು, ಆದರೆ ಕೆಲಸ ಕೆಡುವುದು ಜಾಸ್ತಿ ಇಲ್ಲೇ. ಮನೆ ಇಲ್ಲದವರನ್ನು ನಾವು ಮಾತಿನಲ್ಲಿ 'ನಿರಾಶ್ರಿತರು' ಅನ್ನುತ್ತೇವೆ, ಅಲ್ವಾ? ಸರ್ಕಾರಿ ಕಡತದಲ್ಲಿ ಆ ಪದಕ್ಕೆ ಬೇರೆಯೇ ದಾರಿ. 'ನಿರಾಶ್ರಿತರ ಪರಿಹಾರ ಕೇಂದ್ರ' ಎಂದರೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವ ಕೇಂದ್ರ. ಅದು ಸಮಾಜ ಕಲ್ಯಾಣ ಇಲಾಖೆಗೆ ಸೇರಿದ್ದು. ನಮ್ಮ ಆಸ್ತಿ ತೆರಿಗೆ ರಸೀದಿಯಲ್ಲಿ ಶೇ 3ರಷ್ಟು ಭಿಕ್ಷುಕರ ಕರ ಎಂದು ಸೇರಿಸುತ್ತಾರಲ್ಲ, ಆ ಹಣ ಅಲ್ಲಿಗೆ ಹೋಗಬೇಕಾದದ್ದು. ಪ್ರಶ್ನೆಯಲ್ಲಿ 'ನಿರಾಶ್ರಿತರು' ಎಂದು ಬರೆದರೆ ಭಿಕ್ಷುಕರ ಲೆಕ್ಕ ಬರುವ ಸಾಧ್ಯತೆಯೇ ಹೆಚ್ಚು. ಹೂ ಮಾರಿ, ಹಮಾಲಿ ಮಾಡಿ, ರಾತ್ರಿ ಫುಟ್‌ಪಾತ್ ಮೇಲೆ ಮಲಗುವವರ ಲೆಕ್ಕ ಬರುವುದಿಲ್ಲ.

ರಾತ್ರಿ ತಂಗುವ ಜಾಗ ಕೇಳುವುದಾದರೆ 'ನಗರ ವಸತಿರಹಿತರ ಆಶ್ರಯ ಕೇಂದ್ರ' ಎಂದು ಬರೆಯಿರಿ. ಅದನ್ನು ನೋಡಿಕೊಳ್ಳಬೇಕಾದದ್ದು ಪಾಲಿಕೆ, ನಗರಸಭೆ. ಹಾಗಾಗಿ ಪ್ರಶ್ನೆ ಪೌರಾಡಳಿತದ ಕಡೆಗೆ. ಮನೆ ಕಟ್ಟಲು ಸಹಾಯಧನ ಬೇಕು, ಅಂದರೆ ಬಸವ ವಸತಿ, ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿಯಂಥವು ಬೇಕು ಅಂದರೆ ಪ್ರಶ್ನೆ ವಸತಿ ಇಲಾಖೆಗೆ. ಕಂತು ಬಿಡುಗಡೆ ಮಾಡುವುದು ಅದರ ಕೆಳಗಿನ ರಾಜೀವ್ ಗಾಂಧಿ ವಸತಿ ನಿಗಮ. ಜಾಗವೇ ಇಲ್ಲದವರು 'ನಿವೇಶನರಹಿತರು'. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ಹಕ್ಕುಪತ್ರಕ್ಕೆ ಕಾಯುತ್ತಿರುವವರ ವಿಷಯ ಕಂದಾಯ ಇಲಾಖೆಯದ್ದು. ಭೂಕಂದಾಯ ಕಾಯ್ದೆಯ ಕಲಂ ಹಳ್ಳಿಯಾದರೆ 94ಸಿ, ಪಟ್ಟಣವಾದರೆ 94ಸಿಸಿ.

ಇನ್ನು 'ಸಂತ್ರಸ್ತರು'. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಎರಡು ಅರ್ಥ. 2019ರ ಆಗಸ್ಟ್ ನೆರೆಯಲ್ಲಿ ಮನೆ ಕಳೆದುಕೊಂಡು, ಹಾನಿ ಎಷ್ಟೆಂದು ನೋಡಿ ಎ, ಬಿ, ಸಿ ಎಂದು ವರ್ಗವಾದವರದ್ದು ನೆರೆ ಪರಿಹಾರ, ಕಂದಾಯ ಇಲಾಖೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟ ಬಾಗಲಕೋಟೆ ಕಡೆಯವರದ್ದು ಕೃಷ್ಣಾ ಮೇಲ್ದಂಡೆ ಯೋಜನೆಯ ಪುನರ್ವಸತಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಇಲಾಖೆಯಿಂದ ಇಲಾಖೆಗೆ ಕಡತ ಓಡಾಡುತ್ತದೆ, ಅಷ್ಟರಲ್ಲಿ ಅಧಿವೇಶನ ಮುಗಿದಿರುತ್ತದೆ.

ಅದಕ್ಕೇ ನನ್ನ ಮಾತು ಇಷ್ಟು: ಒಂದು ವರ್ಷಕ್ಕೆ ಒಂದೇ ವಿಷಯ ಹಿಡಿಯಿರಿ. ಉಳಿದ 13 ಬೇಡಿಕೆ ಬಿಡಬೇಕಾಗುತ್ತಲ್ಲ ಎಂದು ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಒಂದೇ ಹಿಡಿಯಿರಿ.

ಅಕ್ಟೋಬರ್‌ನಲ್ಲಿ ಕಾಗದ, ರಾತ್ರಿ ಹತ್ತರ ಮೇಲೆ ಎಣಿಕೆ

ಆಶ್ರಯ ಕೇಂದ್ರದ ವಿಷಯವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಉತ್ತರಕ್ಕೆ 30 ದಿನ ಹಿಡಿಯುತ್ತದೆ. ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಇರುವುದರಿಂದ ಅಕ್ಟೋಬರ್ ಮೊದಲ ವಾರವೇ ಅರ್ಜಿ ಹೋಗಬೇಕು. ಕೇಳಬೇಕಾದದ್ದು ನಾಲ್ಕೇ: ಊರಿನಲ್ಲಿ ಎಷ್ಟು ಕೇಂದ್ರ ಇವೆ, ಎಷ್ಟು ಹಾಸಿಗೆ, ಕಳೆದ ವರ್ಷ ತಿಂಗಳವಾರು ಎಷ್ಟು ಜನ ತಂಗಿದರು, ಎಷ್ಟು ಹಣ ಬಂದು ಎಷ್ಟು ಖರ್ಚಾಯಿತು.

ಬಂದ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕು? 2024ರಲ್ಲಿ ಅವಧಿ ಮುಗಿದ ಕೇಂದ್ರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಒಂದು ಅಳತೆ ಇತ್ತು. ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ತಂಗುವಷ್ಟು ಕಾಯಂ ವ್ಯವಸ್ಥೆ ಇರಬೇಕು. ತಲಾ 50 ಚದರ ಅಡಿ ಜಾಗ. ವರ್ಷದ 365 ದಿನವೂ, ದಿನದ 24 ಗಂಟೆಯೂ ತೆರೆದಿರಬೇಕು. 2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ ಸುಮಾರು 4.88 ಲಕ್ಷ, ವಿಜಯಪುರದ್ದು 3.27 ಲಕ್ಷ, ಬಾಗಲಕೋಟೆಯದ್ದು 1.12 ಲಕ್ಷ. ಹಳೆಯ ಲೆಕ್ಕ ಹಿಡಿದರೂ ಬೆಳಗಾವಿಯಲ್ಲಿ 400, ವಿಜಯಪುರದಲ್ಲಿ 300, ಬಾಗಲಕೋಟೆಯಲ್ಲಿ 100 ಜನಕ್ಕೆ ಜಾಗ ಇರಬೇಕು. ನಿಮ್ಮ ಊರಿನಲ್ಲಿ ಎಷ್ಟಿದೆ? ಆ ಎರಡು ಅಂಕಿಗಳ ನಡುವಿನ ಅಂತರವೇ ನಿಮ್ಮ ಪ್ರಶ್ನೆ.

ಕಾಗದದ ಲೆಕ್ಕ ಬಂದ ಮೇಲೆ ಸುಮ್ನೆ ಕೂರಬೇಡಿ. ನಾಲ್ಕೈದು ಜನ ರಾತ್ರಿ ಹತ್ತರ ನಂತರ ಬಸ್ ನಿಲ್ದಾಣ, ರೈಲು ನಿಲ್ದಾಣ, ದೊಡ್ಡಾಸ್ಪತ್ರೆ ಅಂಗಳ, ಗುಡಿ ಮತ್ತು ದರ್ಗಾದ ಮುಂದೆ ನಡೆದು ಎಣಿಸಿ. ಟಾರ್ಚನ್ನು ಮುಖಕ್ಕೆ ಬಿಡಬೇಡಿ, ಫೋಟೊ ತೆಗೆಯಬೇಡಿ, ಹೆಸರು ಕೇಳಬೇಡಿ. ಹೆಣ್ಣುಮಕ್ಕಳು ಎಷ್ಟು, ಮಕ್ಕಳು ಎಷ್ಟು ಎಂದು ಗುರುತು ಹಾಕಿಕೊಂಡರೆ ಸಾಕು. ಅದೇ ರಾತ್ರಿ ಆಶ್ರಯ ಕೇಂದ್ರಕ್ಕೂ ಹೋಗಿ. ಬಾಗಿಲು ತೆರೆದಿದೆಯಾ, ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಇದೆಯಾ, ಶೌಚಾಲಯದಲ್ಲಿ ನೀರು ಬರುತ್ತದೆಯಾ, ಆಧಾರ್ ಇಲ್ಲದವರನ್ನು ಒಳಗೆ ಬಿಡುತ್ತಾರಾ ನೋಡಿ. ತಾರೀಕು, ಸಮಯ ಬರೆದಿಡಿ.

ಯಾರನ್ನು ಹಿಡಿಯಬೇಕು?

ಬೆಳಗಾವಿ ಜಿಲ್ಲೆಗೆ 18, ಬಾಗಲಕೋಟೆಗೆ 7, ವಿಜಯಪುರಕ್ಕೆ 8 ವಿಧಾನಸಭಾ ಕ್ಷೇತ್ರ. ನಿಮ್ಮ ಶಾಸಕರು ಆಡಳಿತ ಪಕ್ಷವೋ ವಿರೋಧ ಪಕ್ಷವೋ ಎಂದು ನೋಡಬೇಡಿ. ಇಬ್ಬರೂ ಪ್ರಶ್ನೆ ಕೇಳಬಹುದು. ನಿಮ್ಮ ಶಾಸಕರೇ ಮಂತ್ರಿಯಾಗಿದ್ದರೆ ಮಾತ್ರ ಅವರು ಪ್ರಶ್ನೆ ಕೇಳುವಂತಿಲ್ಲ, ಉತ್ತರ ಕೊಡುವ ಕಡೆ ಇರುತ್ತಾರೆ. ಆಗ ವಿಧಾನ ಪರಿಷತ್ ಸದಸ್ಯರ ಬಳಿ ಹೋಗಿ.

ಪರಿಷತ್ತನ್ನು ನಾವು ಮರೆತೇ ಬಿಡುತ್ತೇವೆ. ಅಲ್ಲಿಯ 75 ಸದಸ್ಯರಲ್ಲಿ 25 ಜನ ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಬಂದವರು. ಅವರಿಗೆ ಮತ ಹಾಕುವವರು ಗ್ರಾಮ ಪಂಚಾಯಿತಿ ಸದಸ್ಯರು, ನಗರಸಭೆ ಸದಸ್ಯರು. ಹಾಗಾಗಿ ನಿಮ್ಮ ಪಂಚಾಯಿತಿಯ ಹತ್ತು ಸದಸ್ಯರು ಸಹಿ ಹಾಕಿದ ಕಾಗದಕ್ಕೆ ಅಲ್ಲಿ ಬೇರೆಯೇ ತೂಕ. ವಾಯವ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳೂ ಈ ಮೂರು ಜಿಲ್ಲೆಗೇ ಸೇರಿದ್ದು. ನೀವು ಪದವೀಧರ ಮತದಾರರಾಗಿದ್ದರೆ ಅದನ್ನು ಹೇಳಿಕೊಂಡೇ ಮಾತು ಶುರು ಮಾಡಿ.

ನವೆಂಬರ್ ಮೊದಲ ವಾರದೊಳಗೆ ಭೇಟಿ ಆಗಬೇಕು, ಯಾಕೆಂದರೆ ಪ್ರಶ್ನೆಯ ಸೂಚನೆ ಮೊದಲೇ ಸದನದ ಸಚಿವಾಲಯ ತಲುಪಬೇಕು. ಶಾಸಕರ ಜೊತೆಗೆ ಅವರ ಆಪ್ತ ಸಹಾಯಕರನ್ನೂ ತಪ್ಪದೆ ಕಾಣಿ. ಪ್ರಶ್ನೆ ಟೈಪ್ ಮಾಡಿಸಿ ಕಳಿಸುವುದು ಅವರೇ. ಪ್ರಶ್ನೆಯನ್ನು ನೀವೇ ಬರೆದು ಒಯ್ಯಿರಿ. ಹೀಗೆ:

"ಅ) ಬೆಳಗಾವಿ ಮಹಾನಗರದಲ್ಲಿ ನಗರ ವಸತಿರಹಿತರ ಆಶ್ರಯ ಕೇಂದ್ರಗಳು ಎಷ್ಟು, ಅವುಗಳ ಸಾಮರ್ಥ್ಯ ಎಷ್ಟು? ಆ) ಲಕ್ಷ ಜನಸಂಖ್ಯೆಗೆ 100 ಜನರ ಸಾಮರ್ಥ್ಯ ಎಂಬ ಮಾನದಂಡಕ್ಕೆ ಇದು ಸರಿಹೊಂದುತ್ತದೆಯೇ? ಇ) ಇಲ್ಲದಿದ್ದರೆ ಹೊಸ ಕೇಂದ್ರ ಯಾವಾಗ ತೆರೆಯಲಾಗುವುದು?"

ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಸದನದಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ರಹಿತವಾದರೆ ಲಿಖಿತ ಉತ್ತರ ಮಾತ್ರ. ಅದೂ ಬೇಕೇ ಬೇಕು, ಅಂಕಿ ಅಲ್ಲೇ ಸಿಗುವುದು. ತಡವಾಗಿದ್ದರೆ, ತುರ್ತು ವಿಷಯ ಎತ್ತಲು ಇರುವ ಶೂನ್ಯ ವೇಳೆಯಲ್ಲಿ ಪ್ರಸ್ತಾಪಿಸಲು ಅಥವಾ ಗಮನ ಸೆಳೆಯುವ ಸೂಚನೆ ಕೊಡಲು ಕೇಳಿ.

ಟೆಂಟ್ ಬೇಡವೇ?

ಬೇಕು. ಸುವರ್ಣಸೌಧದ ಹತ್ತಿರದ ಕೊಂಡಸಕೊಪ್ಪದಲ್ಲಿ ಪ್ರತಿಭಟನೆಗೆ ಜಾಗ ಕೊಡುತ್ತಾರೆ, ಪೊಲೀಸರ ಅನುಮತಿ ಮೊದಲೇ ಪಡೆಯಿರಿ. ಫುಟ್‌ಪಾತ್ ಮೇಲೆ ಮಲಗುವವರೇ ಅಲ್ಲಿ ಬಂದು ಮಾತಾಡಲಿ. ಅವರ ಒಂದು ದಿನದ ಕೂಲಿ ತಪ್ಪುತ್ತದೆ, ಆ ಹಣವನ್ನು ನೀವು ಒಟ್ಟುಗೂಡಿಸಿ ಕೊಡಿ. ಕೈಯಲ್ಲಿ ಒಂದೇ ಪುಟ ಇರಲಿ. ಅದರಲ್ಲಿ ನಿಮ್ಮ ಪ್ರಶ್ನೆ ಮತ್ತು ನೀವು ಎಣಿಸಿದ ಅಂಕಿ.

ಉತ್ತರ ಬಂದ ಮೇಲೆ

ಉತ್ತರದ ಪ್ರತಿಯನ್ನು ಶಾಸಕರ ಕಚೇರಿಯಿಂದ ಪಡೆದು ಗೆರೆ ಎಳೆದು ಓದಿ. "ಕ್ರಮ ಕೈಗೊಳ್ಳಲಾಗುವುದು", "ಶೀಘ್ರದಲ್ಲಿ ಆರಂಭಿಸಲಾಗುವುದು" ಎಂದು ಮಂತ್ರಿಗಳು ಸದನದಲ್ಲಿ ಹೇಳಿದ್ದರೆ ಅದು ಭರವಸೆ. ಅಂಥ ಭರವಸೆಗಳು ಏನಾದವು ಎಂದು ನೋಡುವುದಕ್ಕೇ ವಿಧಾನ ಮಂಡಲದಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ತಾರೀಕು, ಪ್ರಶ್ನೆ ಸಂಖ್ಯೆ ಹಾಕಿ ಆ ಸಮಿತಿಗೆ ಪತ್ರ ಬರೆಯಿರಿ. ಉತ್ತರದಲ್ಲಿ ಇರುವ ಅಂಕಿ ನೀವು ರಾತ್ರಿ ಕಂಡದ್ದಕ್ಕೆ ತಾಳೆ ಆಗದಿದ್ದರೆ, ಎರಡನ್ನೂ ಅಕ್ಕಪಕ್ಕ ಬರೆದು ಅದೇ ಶಾಸಕರಿಗೆ ತಲುಪಿಸಿ.

ಆಮೇಲೆ ಜನವರಿ. ಬಜೆಟ್ ಮಂಡನೆ ಬೆಂಗಳೂರಿನಲ್ಲಿ, ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ. ಅದಕ್ಕೆ ಮೊದಲು, ಸದನದ ಉತ್ತರದ ಜೆರಾಕ್ಸ್ ಲಗತ್ತಿಸಿ, ಎಷ್ಟು ಹಾಸಿಗೆ ಕಡಿಮೆ ಇದೆಯೋ ಅಷ್ಟಕ್ಕೆ ಹಣ ಇಡಬೇಕೆಂದು ಹಣಕಾಸು ಇಲಾಖೆಗೂ ಪೌರಾಡಳಿತಕ್ಕೂ ಬರೆಯಿರಿ. ಪಾಲಿಕೆಯ ಬಜೆಟ್ ಸಭೆ ಕೂಡ ಸುಮಾರು ಅದೇ ಹೊತ್ತಿಗೆ ಬರುತ್ತದೆ. ನಿಮ್ಮ ವಾರ್ಡಿನ ಸದಸ್ಯರ ಕೈಗೂ ಅದೇ ಜೆರಾಕ್ಸ್ ಒಂದು ಪ್ರತಿ ಹೋಗಲಿ.