ಬ್ಯಾಂಕಿನಲ್ಲಿ ಚೆಕ್ ಪುಸ್ತಕ ನಿರಾಕರಿಸಿದಾಗ ಅಂಧ ಗೆಳೆಯರ ಜೊತೆ ನಿಲ್ಲುವ ಬಗೆ

ಬೆಂಗಳೂರಿನ ಯಾವುದೇ ಬ್ಯಾಂಕ್ ಶಾಖೆಯಲ್ಲಿ ಅಂಧರೊಬ್ಬರಿಗೆ ಚೆಕ್ ಪುಸ್ತಕ ಕೊಡಲು ಹಿಂಜರಿದರೆ, ಅದೇ ಪಾಡು ಪಟ್ಟು ಬಂದ ಇನ್ನೊಬ್ಬ ದೃಷ್ಟಿದೋಷವುಳ್ಳವರು ಜೊತೆಗೆ ಹೋಗುವುದು ದೊಡ್ಡ ಬಲ. ನೀವು ಹಾಗೆ ಜೊತೆಗೆ ಹೋಗುವವರಾದರೆ, ಮೊದಲು ಖಾತೆದಾರರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ, ಸಲಹೆ ಆಮೇಲೆ.

ನಿಮಗೆ ತುಸು ದೃಷ್ಟಿಯಿದ್ದರೆ ಸಿಬ್ಬಂದಿ ನಿಮ್ಮತ್ತ ತಿರುಗಿ, "ಇವರಿಗೆ ಸಹಿ ಹಾಕಲು ಬರುತ್ತದೆಯೇ?" ಎಂದು ಕೇಳುವುದುಂಟು. "ಅವರನ್ನೇ ಕೇಳಿ" ಎಂದಷ್ಟೇ ಹೇಳಿ ಸುಮ್ಮನಾಗಿ. ಖಾತೆ ಅವರದು, ಮಾತೂ ಅವರದೇ ಆಗಿರಲಿ. ಸಹಿಯಷ್ಟೇ ಅಗಲದ ಕಿಂಡಿ ಕೊರೆದ ರಟ್ಟಿನ ತುಂಡೊಂದು ಕಿಸೆಯಲ್ಲಿದ್ದರೆ, ಬೆರಳಿನಿಂದ ಅಂಚನ್ನು ಸವರಿ ಸರಿಯಾದ ಜಾಗದಲ್ಲೇ ಸಹಿ ಹಾಕಬಹುದು.

ಚೆಕ್ ಪುಸ್ತಕ, ಎಟಿಎಂ, ಲಾಕರ್ ಮೊದಲಾದ ಸೌಲಭ್ಯಗಳನ್ನು ದೃಷ್ಟಿದೋಷವುಳ್ಳವರಿಗೆ ತಾರತಮ್ಯವಿಲ್ಲದೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಸೂಚಿಸಿದೆ. ಅದನ್ನು ಉಲ್ಲೇಖಿಸಿ, ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ, ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಭರವಸೆಯನ್ನು ನಾನಂತೂ ನೆಚ್ಚುವುದಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರುಗಳನ್ನು ವಿಚಾರಿಸುವ ಅಧಿಕಾರಿಗೆ, ದೂರು ಸಲ್ಲಿಸಬಹುದು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಅಡಿಯಲ್ಲಿ ಅಂಗವಿಕಲರ ರಾಜ್ಯ ಆಯುಕ್ತರಿಗೂ ಅಹವಾಲು ಬರೆಯಬಹುದು. ಕಳುಹಿಸುವ ಮುನ್ನ ಪ್ರತಿಯೊಂದು ಪತ್ರವನ್ನೂ ಖಾತೆದಾರರಿಗೆ ಗಟ್ಟಿಯಾಗಿ ಓದಿಹೇಳಿ, ಇಲ್ಲವೇ ಬರಹವನ್ನು ಓದಿಹೇಳುವ ಅವರ ಫೋನಿನಲ್ಲೇ ಕೇಳಿಸಿ.