ತೋಟದ ಮನೆಗೊಂದು ಜಾಲ: ವಿಂಡೋಸ್, ಉಬುಂಟು, ಮ್ಯಾಕ್ ಒಟ್ಟಿಗೆ

ಆಫೀಸು ಕೋಣೆಯಲ್ಲಿ ರೈಟರ್ (ತೋಟದ ಗುಮಾಸ್ತ) ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಲೆಕ್ಕ) ಬರೆಯುವ ವಿಂಡೋಸ್ ಕಂಪ್ಯೂಟರ್. ಮನೆಯೊಳಗೆ ಉಬುಂಟು (ವಿಂಡೋಸ್ ಬದಲಿಗೆ ಬಳಸುವ ಉಚಿತ ಕಾರ್ಯಾಚರಣಾ ವ್ಯವಸ್ಥೆ) ಹಾಕಿದ ಹಳೇ ಲ್ಯಾಪ್‌ಟಾಪ್. ರಜೆಗೆ ಬೆಂಗಳೂರಿನಿಂದ ಬಂದ ಮಗಳ ಕೈಯಲ್ಲಿ ಮ್ಯಾಕ್. ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಈ ಮೂರರ ನಡುವೆ ಇಂದಿಗೂ ಪೆನ್‌ಡ್ರೈವೇ ಓಡಾಡುತ್ತದೆ. ಅದನ್ನು ನಿಲ್ಲಿಸಲು ಒಂದು ಭಾನುವಾರ ಸಾಕು.

ಮೊದಲು ತಂತಿಯ ವಿಚಾರ. ಈಥರ್‌ನೆಟ್ ಕೇಬಲ್ 100 ಮೀಟರ್‌ವರೆಗೆ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಮನೆಯಿಂದ ಕಣದಾಚೆಯ ಆಫೀಸಿಗೆ ತಾಮ್ರದ ಕೇಬಲ್ ಎಳೆಯಬೇಡಿ. ಕಾಫಿ ಹೂ ಅರಳಿಸುವ ಹೂಮಳೆ ಸಮಯದ ಸಿಡಿಲು ಹತ್ತಿರದಲ್ಲೆಲ್ಲೋ ಬಡಿದರೂ ಸಾಕು, ಆ ತಂತಿಯಲ್ಲಿ ವಿದ್ಯುತ್ ನುಗ್ಗಿ ಎರಡೂ ಕಡೆಯ ಯಂತ್ರಗಳು ಸುಟ್ಟುಹೋಗಬಹುದು. ಎರಡು ಕಟ್ಟಡಗಳ ನಡುವೆ ಲೋಹದ ಎಳೆಯಿಲ್ಲದ ಫೈಬರ್ ಹಾಕಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನೂ ಕೇಬಲ್ಲಿನ ವಿದ್ಯುತ್ತನ್ನೂ ಒಂದಕ್ಕೊಂದು ಬದಲಿಸುವ ಪೆಟ್ಟಿಗೆ) ಇಡಿಸಿ. ಖರ್ಚು ತುಸು ಹೆಚ್ಚಾದರೂ ಇಲ್ಲಿ ಜಿಪುಣತನ ಬೇಡ. ಮನೆಯೊಳಗೆ ಕ್ಯಾಟ್ 6 ದರ್ಜೆಯ ಈಥರ್‌ನೆಟ್ ಕೇಬಲ್ ಸಾಕು. ದಪ್ಪ ಗೋಡೆಯ ಹಳೇ ಮನೆಯಾದರೆ ವೈಫೈಗೆ 2.4 ಗಿಗಾಹರ್ಟ್ಸ್ ಆರಿಸಿ. 5 ಗಿಗಾಹರ್ಟ್ಸ್ ವೇಗದ್ದಾದರೂ ಗೋಡೆ ದಾಟುವಾಗ ಬೇಗ ಸೋಲುತ್ತದೆ.

ಇನ್ನು ಕಡತಗಳನ್ನು ಇಡುವ ಜಾಗ. ನನ್ನ ಆಯ್ಕೆ ಆ ಹಳೇ ಲ್ಯಾಪ್‌ಟಾಪೇ. ಬ್ಯಾಟರಿ ಇನ್ನೂ ಚೆನ್ನಾಗಿದ್ದರೆ ಕರೆಂಟು ಹೋದಾಗಲೂ ಅದು ತಟ್ಟನೆ ಆರುವುದಿಲ್ಲ. ರೂಟರ್‌ಗೆ ಮಾತ್ರ ಸಣ್ಣ ಯುಪಿಎಸ್ ಬೇಕು. ರೂಟರ್‌ನ ಸೆಟ್ಟಿಂಗ್ ತೆರೆದು, ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ವಿಭಾಗದಲ್ಲಿ ಆ ಲ್ಯಾಪ್‌ಟಾಪಿಗೆ 192.168.1.10ರಂಥ ಒಂದು ಕಾಯಂ ವಿಳಾಸ ಕೊಡಿ. ವಿಳಾಸ ಬದಲಾದರೆ ಉಳಿದ ಯಂತ್ರಗಳಿಗೆ ಅದು ಸಿಗದೆ ಹೋಗುತ್ತದೆ.

ಕಡತ ಹಂಚಿಕೊಳ್ಳಲು ಮೂರೂ ವ್ಯವಸ್ಥೆಗಳಿಗೆ ಅರ್ಥವಾಗುವ ಭಾಷೆ ಎಸ್‌ಎಂಬಿ (SMB). ಉಬುಂಟುವಿನಲ್ಲಿ ಅದನ್ನಾಡುವ ತಂತ್ರಾಂಶ ಸಾಂಬಾ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಅದರ ಮೊದಲ ರೂಪ ಹೊರತಂದರು, ಇಂದಿಗೂ ಉಚಿತ. ಸಾಂಬಾ ಸ್ಥಾಪಿಸಿ, ‘ತೋಟ’ ಎಂಬ ಫೋಲ್ಡರ್ ಮಾಡಿ ಹಂಚಿಕೊಳ್ಳಿ. ಹೆಚ್ಚಿನವರು ಎಡವುವುದು ಇದರ ನಂತರ: ಉಬುಂಟುವಿಗೆ ಲಾಗಿನ್ ಆಗುವ ಪಾಸ್‌ವರ್ಡ್ ಬೇರೆ, ಸಾಂಬಾದ ಪಾಸ್‌ವರ್ಡ್ ಬೇರೆ. ಟರ್ಮಿನಲ್‌ನಲ್ಲಿ ಎಸ್‌ಎಂಬಿಪಾಸ್‌ಡಬ್ಲ್ಯೂಡಿ (smbpasswd) ಆಜ್ಞೆಯಿಂದ ಅದನ್ನು ಪ್ರತ್ಯೇಕವಾಗಿ ಹೊಂದಿಸಲೇಬೇಕು. ಪಾಸ್‌ವರ್ಡೇ ಇಲ್ಲದ ಹಂಚಿಕೆಯ ದಾರಿ ಹಿಡಿಯಬೇಡಿ. ಹೊಸ ವಿಂಡೋಸ್ ಆವೃತ್ತಿಗಳು ಅದನ್ನು ತಡೆಯುತ್ತವೆ, ತಡೆಯುವುದೂ ಸರಿಯೇ.

ವಿಂಡೋಸ್‌ನಲ್ಲಿ ನೆಟ್‌ವರ್ಕನ್ನು ‘ಪ್ರೈವೇಟ್’ ಎಂದು ಗುರುತಿಸಿ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಲ್ಯಾಪ್‌ಟಾಪಿನ ಆ ಕಾಯಂ ವಿಳಾಸ ಬರೆಯಿರಿ. ಮ್ಯಾಕ್‌ನಲ್ಲಾದರೆ ಫೈಂಡರ್ ತೆರೆದು ಕಮಾಂಡ್ ಜೊತೆ ಕೆ ಒತ್ತಿ. ಎಸ್‌ಎಂಬಿ, ಕೋಲನ್, ಎರಡು ಸ್ಲ್ಯಾಶ್, ಆಮೇಲೆ ಅದೇ ವಿಳಾಸ.

ರೈಟರ್ ಹಳೇ ನುಡಿ ಫಾಂಟಿನಲ್ಲಿ ಬರೆದಿಟ್ಟ ಲೆಕ್ಕ ಮ್ಯಾಕ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಂಡರೆ ಜಾಲವನ್ನು ಕೆದಕಲು ಹೋಗಬೇಡಿ. ಕಡತವನ್ನು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರಗಳಿಗೆ ಪರಿವರ್ತಿಸಿ.

ಹೋಂಸ್ಟೇ ನಡೆಸುವವರು ರೂಟರ್‌ನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಬೇರೆ ತೆರೆಯಿರಿ. ಅತಿಥಿಗಳಿಗೆ ಇಂಟರ್‌ನೆಟ್ ಸಿಗಲಿ, ಕೂಲಿ ಲೆಕ್ಕ ಸಿಗಬಾರದು.

ಕೊನೆಗೆ, ರೂಟರ್‌ಗೆ ಹೊರಗಿನಿಂದ ಬರುವ ಇಂಟರ್‌ನೆಟ್ ತಂತಿಯನ್ನು ಕಿತ್ತು ಪರೀಕ್ಷಿಸಿ. ಮನೆಯೊಳಗಿನ ಜಾಲಕ್ಕೆ ಇಂಟರ್‌ನೆಟ್ಟಿನ ಹಂಗಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನು ತುಂಡಾದ ದಿನವೂ ಆಫೀಸಿನ ಚೆಕ್‌ರೋಲ್ ಮನೆಯ ಮ್ಯಾಕ್‌ನಲ್ಲಿ ಹೀಗೆಯೇ ತೆರೆಯಬೇಕು.